ಪಥ್ಯಕ್ಕಷ್ಟೇ ಬಗ್ಗದ ಗೌಟ್

ಕಡಬ ತಾಲೂಕಿನ ಕೋಡಿಂಬಾಳದಂಥ ಊರುಗಳಲ್ಲಿ ದುಡಿಮೆಯೆಲ್ಲ ಕಾಲಿನ ಬಲದ ಮೇಲೆ ನಿಂತಿದೆ. ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಗುಡ್ಡ ಹತ್ತಬೇಕು, ಅಡಿಕೆ ಕೊಯ್ಲು ಬಂದರೆ ಕಾಲಿಗೆ ತಳೆ ಹಾಕಿಕೊಂಡು ಮರವೇರಬೇಕು. ಅಂಥ ಕಾಲಿನ ಹೆಬ್ಬೆರಳ ಬುಡ ಒಂದು ರಾತ್ರಿ ಇದ್ದಕ್ಕಿದ್ದಂತೆ ಕೆಂಪಗೆ ಊದಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋವು ಬಂದರೆ ಅದು ಬಹುತೇಕ ಗೌಟ್. ವಾರ ಹತ್ತು ದಿನಗಳಲ್ಲಿ ಆ ನೋವು ತಾನಾಗಿಯೇ ಇಳಿಯುತ್ತದೆ. ನಮ್ಮವರು ಮೋಸಹೋಗುವುದು ಇಲ್ಲಿಯೇ. ಒಂದು ಇಂಜೆಕ್ಷನ್, ನಾಲ್ಕು ನೋವಿನ ಮಾತ್ರೆ, ಒಂದಷ್ಟು ದಿನ ಮೀನು ಬೇಳೆ ಬಿಟ್ಟ ಪಥ್ಯ. ಅಲ್ಲಿಗೆ ಕಾಯಿಲೆ ಮುಗಿಯಿತೆಂದು ಲೆಕ್ಕ. ಸಂಧಿನೋವಿನ ಕಾಯಿಲೆಗಳ ಪೈಕಿ ಕಾರಣವೂ ಪರಿಹಾರವೂ ಇಷ್ಟು ಸ್ಪಷ್ಟವಾಗಿ ಗೊತ್ತಿರುವುದು ಅಪರೂಪ. ಆದರೂ ಜನ ವರ್ಷಗಟ್ಟಲೆ ನರಳುತ್ತಾರೆ. ನೋವಿಗೆ ಮದ್ದು ಸಿಗುತ್ತದೆ, ನೋವಿನ ಮೂಲವಾದ ಯೂರಿಕ್ ಆಸಿಡ್ ಮಾತ್ರ ಹಾಗೇ ಉಳಿಯುತ್ತದೆ.

ಜೀವಕೋಶಗಳಲ್ಲಿರುವ ಪ್ಯೂರಿನ್ ಎಂಬ ಅಂಶ ಒಡೆದಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಬಹುತೇಕ ಸಸ್ತನಿಗಳಲ್ಲಿ ಅದನ್ನು ಕರಗಿಸುವ ಕಿಣ್ವವಿದೆ; ಮನುಷ್ಯನಲ್ಲಿ ಇಲ್ಲ. ಹೊರಹಾಕುವ ಕೆಲಸದಲ್ಲಿ ಮೂರನೇ ಎರಡು ಪಾಲು ಮೂತ್ರಪಿಂಡದ ಮೇಲೆ ಬೀಳುತ್ತದೆ, ಉಳಿದದ್ದು ಕರುಳಿನದು. ರಕ್ತದಲ್ಲಿ ಅದರ ಪ್ರಮಾಣ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿ ಬಹುಕಾಲ ಉಳಿದರೆ ಸೂಜಿಯಾಕಾರದ ಹರಳುಗಳಾಗಿ ಸಂಧಿಗಳಲ್ಲಿ ಕೂರಬಲ್ಲದು. ದೇಹದ ತುದಿಯಲ್ಲಿರುವ ಪಾದ ಉಳಿದ ಭಾಗಕ್ಕಿಂತ ತಂಪು, ತಂಪಿನಲ್ಲಿ ಹರಳುಗಟ್ಟುವುದು ಬೇಗ. ಹೆಬ್ಬೆರಳಿಗೇ ಮೊದಲ ಪೆಟ್ಟು ಬೀಳುವುದಕ್ಕೆ ಇದೂ ಒಂದು ಕಾರಣ. ನೋವು ಇಳಿದ ಮೇಲೂ ಹರಳು ಅಲ್ಲೇ ಇರುತ್ತದೆ. ಕಡೆಗಣಿಸಿದರೆ ಹಿಮ್ಮಡಿ, ಮೊಣಕಾಲು, ಬೆರಳುಗಳಿಗೆ ಹಬ್ಬಿ, ಗಂಟುಗಳಾಗಿ, ಮೂಳೆಯನ್ನೇ ಸವೆಸುತ್ತದೆ.

2008ರಲ್ಲಿ ಚಿಕುನ್‌ಗುನ್ಯಾ ಪುತ್ತೂರು ಸುಳ್ಯ ಕಡೆಯ ಊರುಗಳನ್ನು ಮಲಗಿಸಿದ ಮೇಲೆ ಇಲ್ಲಿ ಯಾವ ಗಂಟುನೋವು ಬಂದರೂ ಅದರದೇ ಶೇಷ ಎನ್ನುವವರಿದ್ದಾರೆ. ಆ ಜ್ವರ ಹಲವು ಗಂಟುಗಳನ್ನು ಒಟ್ಟಿಗೆ, ಎಡ ಬಲ ಎರಡೂ ಕಡೆ ಹಿಡಿಯುತ್ತದೆ. ಗೌಟ್ ಸಾಮಾನ್ಯವಾಗಿ ಒಂದೇ ಗಂಟಿಗೆ ಬಂದು, ಬಿಟ್ಟು, ತಿಂಗಳುಗಳ ನಂತರ ಮತ್ತೆ ಬರುತ್ತದೆ. ದಾಳಿಯ ದಿನವೇ ರಕ್ತಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಬಹುದು. ಎರಡು ಮೂರು ವಾರ ಬಿಟ್ಟು ಮತ್ತೆ ನೋಡಬೇಕು. ಗಂಟು ಊದಿದ ಜತೆಗೆ ಚಳಿಜ್ವರವೂ ಇದ್ದರೆ ಕಾಯಬಾರದು, ಅದು ಗಂಟಿನೊಳಗಿನ ಕೀವು ಇರಬಹುದು. ಇನ್ನೊಂದು ಮಾತು: ಆರೋಗ್ಯ ತಪಾಸಣೆಯ ವರದಿಯಲ್ಲಿ ಯೂರಿಕ್ ಆಸಿಡ್ ತುಸು ಹೆಚ್ಚು ಕಂಡವರಿಗೆಲ್ಲ ಗೌಟ್ ಬರುವುದಿಲ್ಲ. ನೋವೇ ಬರದವರಿಗೆ ಸಾಮಾನ್ಯವಾಗಿ ಮಾತ್ರೆಯೂ ಬೇಕಿಲ್ಲ.

ಹಾಗಾದರೆ ಪಥ್ಯ ಸಾಲದೇ? ಯೂರಿಕ್ ಆಸಿಡಿನ ಮೂರನೇ ಎರಡು ಪಾಲು ಹುಟ್ಟುವುದು ನಮ್ಮದೇ ದೇಹದ ಕೋಶಗಳಿಂದ. ಊಟದ ಪಾಲು ಮಿಕ್ಕ ಒಂದು. ಗೌಟ್ ಇರುವ ಹೆಚ್ಚಿನವರ ತೊಂದರೆ ತಿಂದದ್ದು ಹೆಚ್ಚಾಯಿತೆಂದಲ್ಲ, ಮೂತ್ರಪಿಂಡ ಸಾಕಷ್ಟು ಹೊರಹಾಕುತ್ತಿಲ್ಲವೆಂದು. ಅದರಲ್ಲಿ ಹುಟ್ಟುಗುಣದ ಪಾತ್ರ ದೊಡ್ಡದು. ಕಟ್ಟುನಿಟ್ಟಿನ ಪಥ್ಯದಿಂದ ಇಳಿಯುವುದು ಸಾಮಾನ್ಯವಾಗಿ ಒಂದು ಅಂಕಿಯಷ್ಟು; 9 ಇದ್ದದ್ದು 8ಕ್ಕೆ ಬಂದರೆ ಹರಳು ಕರಗದು. ಪಥ್ಯದಲ್ಲಿಯೂ ನಾವು ಬಿಡಬಾರದ್ದನ್ನು ಬಿಡುತ್ತೇವೆ. ಅಮೆರಿಕದಲ್ಲಿ ಸುಮಾರು 47,000 ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಂಸ ಮತ್ತು ಕಡಲ ಆಹಾರ ಹೆಚ್ಚು ತಿಂದವರಿಗೆ ಗೌಟ್ ಹೆಚ್ಚಿತ್ತು; ಪ್ಯೂರಿನ್ ಇರುವ ಕಾಳು ತರಕಾರಿಗಳಿಂದ ಹೆಚ್ಚಲಿಲ್ಲ; ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥ ಬಳಸಿದವರಲ್ಲಿ ಕಡಿಮೆಯೇ ಇತ್ತು. ಅಂದರೆ ಬೂತಾಯಿ, ಬಂಗುಡೆ, ಮರುವಾಯಿಗಳನ್ನು ಮಿತಗೊಳಿಸುವುದು ಸರಿ. ಹೆಸರುಕಾಳು, ತೊಗರಿಬೇಳೆ, ಬಸಳೆಯನ್ನು ದೂರುವುದಕ್ಕೆ ಆಧಾರವಿಲ್ಲ. ಗಂಜಿಯ ಜತೆಗೆ ಮಜ್ಜಿಗೆ ಧಾರಾಳವಾಗಿ ಇರಲಿ. ಖಂಡಿತ ಬಿಡಬೇಕಾದದ್ದು ಮದ್ಯ, ಅದರಲ್ಲೂ ಬಿಯರ್. ಜತೆಗೆ ಬಾಟಲಿಯ ಸಿಹಿ ಪಾನೀಯ. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದೆ ದುಡಿಯುವುದೂ ದಾಳಿಯನ್ನು ಕರೆಯುತ್ತದೆ. ಬೀಪಿಗೆ ಕೊಡುವ ಕೆಲವು ಮೂತ್ರ ಹೆಚ್ಚಿಸುವ ಮಾತ್ರೆಗಳೂ ಯೂರಿಕ್ ಆಸಿಡ್ ಏರಿಸುತ್ತವೆ. ಅವನ್ನು ತಾವಾಗಿ ನಿಲ್ಲಿಸದೆ, ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಬೇಕು.

ಮತ್ತೆ ಮತ್ತೆ ದಾಳಿಯಾಗುವವರಿಗೆ, ಗಂಟು ಕಟ್ಟಿದವರಿಗೆ ಬೇಕಾದದ್ದು ಯೂರಿಕ್ ಆಸಿಡನ್ನು 6ಕ್ಕಿಂತ ಕೆಳಗಿಳಿಸಿ ಅಲ್ಲಿಯೇ ನಿಲ್ಲಿಸುವ ಮದ್ದು. ಅಲೋಪ್ಯುರಿನಾಲ್ 1960ರ ದಶಕದಿಂದ ಬಳಕೆಯಲ್ಲಿದೆ. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಪಡೆದವರು. ಮಾತ್ರೆಯೊಂದಕ್ಕೆ ಕೆಲವೇ ರೂಪಾಯಿ. ಆದರೂ ಜನ ಇದನ್ನು ಅರ್ಧಕ್ಕೇ ಬಿಡುವುದು ಏಕೆಂದರೆ, ಶುರುಮಾಡಿದ ತಿಂಗಳುಗಳಲ್ಲೇ ನೋವು ಮರುಕಳಿಸುತ್ತದೆ. ಹರಳು ಕರಗಿ ಸಡಿಲವಾಗುವಾಗ ಹೀಗಾಗುವುದು ಸಹಜ. ಅದಕ್ಕೇ ಮಾತ್ರೆಯನ್ನು 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ ರಕ್ತಪರೀಕ್ಷೆ ನೋಡುತ್ತ ಏರಿಸುವುದು, ಮೂರರಿಂದ ಆರು ತಿಂಗಳು ಜತೆಗೆ ದಾಳಿ ತಡೆಯುವ ಕೋಲ್ಚಿಸಿನ್ ಮದ್ದನ್ನು ಸಣ್ಣ ಪ್ರಮಾಣದಲ್ಲಿ ಕೊಡುವುದು. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಓಡಬೇಕು. ಅಪರೂಪವಾದರೂ ಅದು ಜೀವಕ್ಕೇ ಅಪಾಯ ತರಬಲ್ಲದು. ದಿನಾ ಮಾತ್ರೆ ನುಂಗಿದರೆ ಕಿಡ್ನಿ ಹಾಳಾಗುತ್ತದೆ ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಭಯ ಇರಬೇಕಾದದ್ದು ಅಂಗಡಿಯಿಂದ ತಂದು ತಂದು ನುಂಗುವ ಡೈಕ್ಲೋಫೆನಾಕಿನಂಥ ನೋವಿನ ಮಾತ್ರೆಗಳ ಬಗ್ಗೆ.

ಆಯುರ್ವೇದ ಸಾಲದೇ ಎಂಬುದು ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೇ ಅಧ್ಯಾಯ ಗೌಟನ್ನು ಹೋಲುವ ವಾತರಕ್ತವನ್ನೇ ಕುರಿತದ್ದು. ಯಾವ ಪದ್ಧತಿಯ ಮದ್ದಾದರೂ ಸರಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬಂತೇ ಎಂದು ಅಳೆದು ನೋಡಿ. ಅಂಶಗಳನ್ನು ಬರೆಯದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬುವ ಅಗ್ನಿಶಿಖೆಯ ಗಡ್ಡೆಯಲ್ಲಿ ಕೋಲ್ಚಿಸಿನ್ ಇದೆಯೆಂದು ಅದನ್ನು ಅರೆದು ಕುಡಿಯುವುದಂತೂ ಪ್ರಾಣಕ್ಕೆ ಕುತ್ತು.

ಇದೆಲ್ಲ ದೊಡ್ಡ ಆಸ್ಪತ್ರೆಯವರಿಂದಷ್ಟೇ ಸಾಧ್ಯವೆಂದೂ ಅಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 517 ರೋಗಿಗಳನ್ನು ಎರಡು ವರ್ಷ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯನ್ನು ಕೂತು ವಿವರಿಸಿ ಮಾತ್ರೆಯನ್ನು ಹಂತಹಂತವಾಗಿ ಏರಿಸಿದವರು ತರಬೇತಿ ಪಡೆದ ನರ್ಸ್‌ಗಳು. ಅವರಲ್ಲಿಗೆ ಹೋದವರ ಪೈಕಿ ಶೇಕಡ 95 ಮಂದಿ ಯೂರಿಕ್ ಆಸಿಡಿನ ಗುರಿ ಮುಟ್ಟಿದರು. ಎಂದಿನಂತೆ ವೈದ್ಯರನ್ನು ಕಂಡವರಲ್ಲಿ ಮುಟ್ಟಿದ್ದು ಶೇಕಡ 30. ಬೀಪಿ, ಶುಗರ್ ನೋಡುವ ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲೂ ಇದು ಆಗಬೇಕು. ಗೌಟ್ ಇರುವವರು ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ನೋವಿನ ಮಾತ್ರೆ ಕೇಳುವ ಮೊದಲು, ‘ನನ್ನ ಯೂರಿಕ್ ಆಸಿಡ್ ಈಗ ಎಷ್ಟಿದೆ, 6ಕ್ಕಿಂತ ಕೆಳಗಿಳಿಸಲು ಏನು ಮಾಡಬೇಕು’ ಎಂದು ಕೇಳಿ.