ಹತ್ತು ಸೆಕೆಂಡಿನ ಪೆಟ್ಟಿಗೆ: ಬಾರಿಸಿದವನಿಗೆ ಸಿಕ್ಕಿದ್ದೆಷ್ಟು?

ಹಾಡಿದವನು ಹೆಸರು ಮಾಡ್ತಾನೆ, ಕಂಪನಿ ದುಡ್ಡು ಮಾಡುತ್ತೆ. ಹಿಂದೆ ಕೂತು ಡ್ರಮ್ ಬಾರಿಸಿದವನ ಗತಿ ಏನು? ಅಮೆರಿಕದ ರ‍್ಯಾಪ್ ಸಂಗೀತದ ಐವತ್ತು ವರ್ಷಗಳ ಲೆಕ್ಕ ತೆಗೆದು ನೋಡಿದರೆ ಸಿಗುವ ಉತ್ತರ ಅಷ್ಟೇನೂ ಸಿಹಿಯಾಗಿಲ್ಲ.

ರ‍್ಯಾಪ್ ಅಂದ್ರೆ ತಾಳಕ್ಕೆ ಸರಿಯಾಗಿ, ಪ್ರಾಸ ಹಾಕಿ, ಮಾತನ್ನೇ ಪಟಪಟನೆ ಒಪ್ಪಿಸುವ ಹಾಡು. ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗನ ಮೊಬೈಲಿನಿಂದಲೂ ಈಗ ಅದು ಕೇಳಿಬರುತ್ತೆ. ಆ ಮಾತಿನ ಕೆಳಗೆ ‘ಢಂ ಟಕ್, ಢಢಂ ಟಕ್’ ಅಂತ ಸುತ್ತಿ ಸುತ್ತಿ ಬರುವ ತಾಳಕ್ಕೆ ‘ಬೀಟ್’ ಎಂದು ಹೆಸರು. ಅದನ್ನು ಕಟ್ಟಲು ವಾದ್ಯಗೋಷ್ಠಿಯೇ ಬೇಡ, ಎರಡು ಬಗೆಯ ಪೆಟ್ಟಿಗೆ ಸಾಕು. ಒಂದು ಡ್ರಮ್ ಮಷೀನು. ಹೇಳಿಕೊಟ್ಟ ತಾಳವನ್ನು ದಣಿಯದೆ ಬಾರಿಸುತ್ತೆ. ಇನ್ನೊಂದು ಸ್ಯಾಂಪ್ಲರ್, ಹಳೇ ರೆಕಾರ್ಡಿನಿಂದ ಒಂದು ತುಣುಕು ಎತ್ತಿ ಒಳಗಿಟ್ಟುಕೊಂಡು, ಗುಂಡಿ ಒತ್ತಿದಾಗಲೆಲ್ಲ ಅದನ್ನೇ ನುಡಿಸುತ್ತೆ. ಜಗಳ ಇರೋದು ಈ ಎರಡನೇ ಪೆಟ್ಟಿಗೆಯಲ್ಲಿ.

ಸುಟ್ಟ ಬಡಾವಣೆಯ ಪಾರ್ಟಿ

ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗ 1970ರ ದಶಕದಲ್ಲಿ ಹಾಳು ಸುರಿಯುತ್ತಿತ್ತು. ಮನೆಗಳ ನಡುವೆ ಹೆದ್ದಾರಿ ಸೀಳಿಕೊಂಡು ಹೋಗಿತ್ತು. ಕಟ್ಟಡಗಳು ಒಂದರ ಹಿಂದೆ ಒಂದು ಬೆಂಕಿಗೆ ಆಹುತಿಯಾದವು. ಅಲ್ಲಿನ ಸೆಜ್ವಿಕ್ ಅವೆನ್ಯೂ 1520ನೇ ನಂಬರಿನ ಕಟ್ಟಡದಲ್ಲಿ 1973ರ ಆಗಸ್ಟ್ 11ರಂದು ಒಂದು ಪಾರ್ಟಿ ನಡೆಯಿತು. ಶಾಲೆ ತೆರೆಯುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಏರ್ಪಡಿಸಿದ್ದು. ಟಿಕೆಟ್ಟು ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡು ಹಾಕಿದವನು ಆಕೆಯ ಅಣ್ಣ, ಜಮೈಕಾದಿಂದ ಬಂದಿದ್ದ ಕ್ಲೈವ್. ಕೇರಿಯವರ ಬಾಯಲ್ಲಿ ಕೂಲ್ ಹರ್ಕ್.

ಹಾಡುಗಾರ ಬಾಯಿ ಮುಚ್ಚಿ ಡ್ರಮ್ ಒಂದೇ ಮಾತಾಡುವ ಜಾಗ ಬಂತೋ, ಆಗಲೇ ಜನ ಮೈಮರೆತು ಕುಣೀತಾರೆ. ಇದು ಹರ್ಕ್ ಕಂಡುಕೊಂಡ ಗುಟ್ಟು. ಆ ಜಾಗಕ್ಕೆ ‘ಬ್ರೇಕ್’ ಅಂತಾರೆ. ಆದರೆ ಅದು ಬರೋದು ಕೆಲವೇ ಸೆಕೆಂಡು! ಏನು ಮಾಡೋದು? ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಪ್ಲೇಯರಿನ ಮೇಲಿಟ್ಟ. ಇದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಅದರಲ್ಲಿ ಶುರು. ಕೆಲವು ಸೆಕೆಂಡು ನಿಮಿಷಗಟ್ಟಲೆ ಬೆಳೆಯಿತು. ಹರ್ಕ್ ಕೈಯಲ್ಲಿ ಮಾಡಿದ ಕೆಲಸವನ್ನೇ ಮುಂದೆ ಯಂತ್ರ ವಹಿಸಿಕೊಂಡಿತು.

ಮೂಗು ಮುರಿದ ಮಾಲು

ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿ.ಆರ್.-808 ಎಂಬ ಡ್ರಮ್ ಮಷೀನನ್ನು 1,195 ಡಾಲರಿಗೆ ಮಾರಾಟಕ್ಕೆ ಬಿಟ್ಟಿತು. ಅದೇ ವರ್ಷ ಅಮೆರಿಕದ ರೋಜರ್ ಲಿನ್ ಎಂಬಾತ ನಿಜವಾದ ಡ್ರಮ್ಮಿನ ಸದ್ದನ್ನೇ ಚಿಪ್ಪಿನಲ್ಲಿ ತುಂಬಿ ಎಲ್.ಎಂ.-1 ಎಂಬ ಯಂತ್ರ ತಂದಿದ್ದ. ಅದರ ಬೆಲೆ ನಾಲ್ಕು ಪಟ್ಟು. ಅದರ ಮುಂದೆ 808ರ ಸದ್ದು ಡ್ರಮ್ಮಿನ ಸದ್ದೇ ಅಲ್ಲ ಅಂತ ಸ್ಟುಡಿಯೋದವರು ಮೂಗು ಮುರಿದರು. ಸುಮಾರು 12,000 ಯಂತ್ರ ಮಾಡಿ 1983ರಲ್ಲಿ ಕಂಪನಿ ಕೈಬಿಟ್ಟಿತು.

ದೊಡ್ಡವರಿಗೆ ಬೇಡವಾದದ್ದು ಹಳೇ ಸಾಮಾನಿನ ಅಂಗಡಿಗೆ ಬಂತು, ಅಗ್ಗಕ್ಕೆ ಸಿಕ್ಕಿತು, ಬಡ ಹುಡುಗರ ಕೈ ಸೇರಿತು. ಎದೆಗೇ ಗುದ್ದುವ ಅದರ ‘ಢಂ’ ಅವರಿಗೆ ಬೇಕಾಗಿದ್ದ ಸದ್ದೇ ಆಗಿತ್ತು. ಬ್ರಾಂಕ್ಸ್‌ನ ಆಫ್ರಿಕಾ ಬಂಬಾಟಾ 1982ರಲ್ಲೇ ‘ಪ್ಲಾನೆಟ್ ರಾಕ್’ ಹಾಡಿನಲ್ಲಿ ಅದನ್ನು ಬಳಸಿ ದಾರಿ ತೋರಿಸಿದ್ದ. ಬೇಡದ ಮಾಲು ಬೇಕಾದವರ ಕೈಗೆ ಬಿದ್ದರೆ ಚಿನ್ನ ಅನ್ನೋದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಅಳತೆಯಲ್ಲಿ ಜಾಣತನ

ನಿಜವಾದ ಮಜಾ ಶುರುವಾದದ್ದು 1987ರಲ್ಲಿ. ಕ್ಯಾಲಿಫೋರ್ನಿಯಾದ ಇ-ಮ್ಯು ಕಂಪನಿ ಎಸ್.ಪಿ.-1200 ಎಂಬ ಯಂತ್ರ ತಂದಿತು. ಡ್ರಮ್ ಮಷೀನು, ಸ್ಯಾಂಪ್ಲರ್ ಎರಡೂ ಒಂದರಲ್ಲೇ. ಬೆರಳಿನಿಂದ ಬಾರಿಸಲು ಎಂಟು ಗುಂಡಿ, ಕೆಲಸ ಕಾಪಾಡಲು ಫ್ಲಾಪಿ. ಆದರೆ ಒಳಗಿದ್ದ ಜಾಗ? ಒಟ್ಟು ಹತ್ತೇ ಸೆಕೆಂಡು! ಒಂದು ತುಣುಕು ಎರಡೂವರೆ ಸೆಕೆಂಡು ಮೀರುವಂತಿಲ್ಲ. ಅಷ್ಟರಲ್ಲೇ ಡ್ರಮ್ಮು, ತಂತಿ, ತುತ್ತೂರಿ ಎಲ್ಲಾ ಹಿಡಿಸಬೇಕು.

ಹುಡುಗರು ಇದಕ್ಕೂ ಉಪಾಯ ಹೂಡಿದರು. 33ರ ಸ್ಪೀಡಿನ ರೆಕಾರ್ಡನ್ನು 45ರಲ್ಲಿ ಓಡಿಸಿ ಯಂತ್ರಕ್ಕೆ ತುಂಬೋದು, ಆಮೇಲೆ ಒಳಗೆ ಸ್ಪೀಡು ಇಳಿಸೋದು. ಹೀಗೆ ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಸದ್ದು! ಸೇರಿನಲ್ಲಿ ಸೇರೂಕಾಲು ಮೀರಿ ಅಳೆದ ಹಾಗೆ. ಈ ಅಳತೆಯಿಂದ ಸದ್ದಿನ ನಯ ಕೆಟ್ಟಿತು, ಒರಟಾಯಿತು, ಮರಳು ಸೇರಿದ ಹಾಗಾಯಿತು. ಯಂತ್ರವೂ ಸದ್ದನ್ನು ಸೆಕೆಂಡಿಗೆ 26,000 ಸಲದಷ್ಟೇ ಅಳೆಯುತ್ತಿತ್ತು, ಸಿ.ಡಿ.ಯಲ್ಲಿ 44,100 ಸಲ. ಆದರೆ ಆ ಒರಟುತನವೇ ಜನಕ್ಕೆ ಹಿಡಿಸಿತು! ಪೀಟ್ ರಾಕ್‌ನಂಥವರು ಈ ಪೆಟ್ಟಿಗೆಯಿಂದಲೇ ಹೆಸರಾದರು.

ಮರುವರ್ಷ, 1988ರಲ್ಲಿ, ಅದೇ ರೋಜರ್ ಲಿನ್ ಜಪಾನಿನ ಅಕಾಯ್ ಕಂಪನಿಗೆ ಎಂ.ಪಿ.ಸಿ.-60 ಮಾಡಿಕೊಟ್ಟ. ಹದಿನಾರು ರಬ್ಬರ್ ಗುಂಡಿ. ಬೆರಳು ಎಷ್ಟು ಜೋರಾಗಿ ಬಿತ್ತೋ ಸದ್ದೂ ಅಷ್ಟೇ ಜೋರು. ಜೊತೆಗೆ ‘ಸ್ವಿಂಗ್’ ಎಂಬ ಸೌಲಭ್ಯ: ಎರಡನೇ ಏಟನ್ನು ಕೂದಲೆಳೆಯಷ್ಟು ತಡವಾಗಿ ಬೀಳಿಸಿ, ಯಂತ್ರದ ತಾಳಕ್ಕೆ ಮನುಷ್ಯರ ಓಲಾಟ ಕೊಡೋದು. ಡೆಟ್ರಾಯಿಟ್ ನಗರದ ಜೆ. ಡಿಲ್ಲಾ ಇನ್ನೂ ಮುಂದೆ ಹೋಗಿ, ಯಂತ್ರ ತಾಳ ತಿದ್ದುವುದೇ ಬೇಡ ಅಂತ ಬೆರಳು ಬಿದ್ದಂತೆಯೇ ಬಿಟ್ಟ. 2006ರಲ್ಲಿ 32ನೇ ವಯಸ್ಸಿಗೇ ತೀರಿಕೊಂಡ. ತಾಯಿ ದಾನ ಕೊಟ್ಟ ಅವನ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂ ಪಾಲಾಗಿದೆ.

ಪಾಲು ಸಿಗದ ಕೈಗಳು

ಯಂತ್ರಕ್ಕೇನೋ ಮ್ಯೂಸಿಯಂ ಮರ್ಯಾದೆ ಸಿಕ್ಕಿತು. ಅದರೊಳಗೆ ತುಂಬಿದ ಡ್ರಮ್ ಯಾರದು ಸ್ವಾಮಿ?

ಜೇಮ್ಸ್ ಬ್ರೌನ್ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ಮರ್ ಇದ್ದರು. ‘ಫಂಕಿ ಡ್ರಮ್ಮರ್’ ಎಂಬ ಹಾಡು 1970ರಲ್ಲಿ ಹೊರಬಂತು. ಅದರ ನಡುವೆ ಅವರು ಒಬ್ಬರೇ ಬಾರಿಸಿದ ತುಣುಕು ಸ್ಯಾಂಪ್ಲರ್ ಬಂದ ಮೇಲೆ ನೂರಾರು ಹಾಡುಗಳ ಬೆನ್ನೆಲುಬಾಯಿತು. ರಚನೆಕಾರರಾಗಿ ಅವರ ಹೆಸರು ದಾಖಲಾಗಿರಲಿಲ್ಲ, ಆದ್ದರಿಂದ ರಾಯಧನವೂ ಬರಲಿಲ್ಲ. ಮುಪ್ಪಿನಲ್ಲಿ ಮೂತ್ರಪಿಂಡದ ಕಾಯಿಲೆ, ಆಸ್ಪತ್ರೆಯ ಖರ್ಚಿಗೆ ಪರದಾಟ. ಒಮ್ಮೆ ಕ್ಯಾನ್ಸರ್ ಚಿಕಿತ್ಸೆಯ ಬಿಲ್ಲನ್ನು ಗಾಯಕ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ್ದರು. 2017ರಲ್ಲಿ ಕ್ಲೈಡ್ ತೀರಿಕೊಂಡರು.

ಇನ್ನೊಬ್ಬರ ಕಥೆ ಇದಕ್ಕಿಂತ ಕಹಿ. ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್‌ಮನ್ 1969ರಲ್ಲಿ ಬಾರಿಸಿದ ಆರೇಳು ಸೆಕೆಂಡಿನ ಡ್ರಮ್ಮು ಲೋಕದಲ್ಲೇ ಅತಿ ಹೆಚ್ಚು ಎತ್ತಿಕೊಂಡ ತುಣುಕುಗಳಲ್ಲೊಂದು. ಅವರು ಅಟ್ಲಾಂಟಾದಲ್ಲಿ 2006ರಲ್ಲಿ ತೀರಿಕೊಂಡಾಗ ಇರಲು ಸೂರಿರಲಿಲ್ಲ. ಇಂಗ್ಲೆಂಡಿನ ಡಿ.ಜೆ.ಗಳು 2015ರಲ್ಲಿ ಚಂದಾ ಎತ್ತಿ 24,000 ಪೌಂಡ್ ಕೂಡಿಸಿದರು. ಅದು ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ಸೇರಿತು. ಬಾರಿಸಿದ ಕೈ ಅಷ್ಟರಲ್ಲಿ ಮಣ್ಣಾಗಿತ್ತು.

ಹಾಗಾದ್ರೆ ಕಾನೂನು? ಅದು ಎಚ್ಚೆತ್ತಿದ್ದು 1991ರಲ್ಲಿ. ಕೇಳದೆ ಹಾಡು ಎತ್ತಿಕೊಂಡ ಬಿಜ್ ಮಾರ್ಕಿ ಎಂಬ ರ‍್ಯಾಪ್ ಗಾಯಕನ ಮೊಕದ್ದಮೆಯಲ್ಲಿ, ಕದಿಯಬಾರದು ಎಂಬ ಬೈಬಲ್ಲಿನ ಆಜ್ಞೆಯಿಂದಲೇ ಜಡ್ಜ್ ಸಾಹೇಬರು ತೀರ್ಪು ಆರಂಭಿಸಿದರು. ಅಂದಿನಿಂದ ತುಣುಕಿಗೆ ಮೊದಲೇ ಅನುಮತಿ, ಮುಂಗಡ ದುಡ್ಡು. ಬಿಸಿ ನಮ್ಮ ದೇಶಕ್ಕೂ ತಟ್ಟಿತು. ‘ಜ್ಯೋತಿ’ (1981) ಹಿಂದಿ ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದ್ದ ಹಾಡಿನ ತುಣುಕನ್ನು 2002ರಲ್ಲಿ ಅಮೆರಿಕದ ‘ಅಡಿಕ್ಟಿವ್’ ಹಾಡಿಗೆ ಹಾಗೇ ಹೊಲಿದುಬಿಟ್ಟಿದ್ದರು. ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಕೋರ್ಟಿಗೆ ಹೋದರು. ಅವರ ಹೆಸರು ಹಾಕದೆ ಮಾರಕೂಡದು ಎಂದು ಅಲ್ಲಿನ ಕೋರ್ಟು 2003ರಲ್ಲಿ ಆಜ್ಞೆ ಮಾಡಿತು.

ಆದರೆ ಅನುಮತಿ ಕೊಡುವವರು ಇಬ್ಬರು: ಹಾಡಿನ ಹಕ್ಕು ಉಳ್ಳವನು, ರೆಕಾರ್ಡಿನ ಹಕ್ಕು ಉಳ್ಳವನು. ಸಂಬಳಕ್ಕೆ ಬಾರಿಸಿ ಎದ್ದುಹೋದ ಡ್ರಮ್ಮರ್ ಈ ಎರಡು ಪಟ್ಟಿಯಲ್ಲೂ ಇಲ್ಲ. ಕಾನೂನು ಬಂದರೂ ಕ್ಲೈಡ್ ಜೇಬು ತುಂಬದಿದ್ದುದು ಇದರಿಂದಲೇ.

ಹತ್ತು ಸೆಕೆಂಡಿನ ಆ ಎಸ್.ಪಿ.-1200 ಪೆಟ್ಟಿಗೆಯನ್ನು ಅದರ ಮೂಲ ತಯಾರಕರಲ್ಲೊಬ್ಬರಾದ ಡೇವ್ ರೊಸಮ್ 2021ರಲ್ಲಿ ಮತ್ತೆ ಮಾಡಿಸಿದರು. ಆಗಿನ ಬೆಲೆ 3,999 ಡಾಲರ್. ಕೊಳ್ಳುವವರೂ ಇದ್ದರು. ಪೆಟ್ಟಿಗೆಗೆ ರಸೀದಿ ಉಂಟು, ರೆಕಾರ್ಡಿಗೆ ರಸೀದಿ ಉಂಟು. ಮಾಲು ಕೊಟ್ಟವನ ಹೆಸರೇ ಇಲ್ಲದ ಲೆಕ್ಕ ಮಾತ್ರ ಯಾವ ಅಂಗಡಿಯಲ್ಲೂ ಸರಿಹೋಗೋದಿಲ್ಲ.