ಹದ್ದುಬಸ್ತು

ಹದ್ದುಬಸ್ತು ಎಂದರೆ ಮೂಲ ಭೂಮಾಪನ ದಾಖಲೆಗಳ ಆಧಾರದ ಮೇಲೆ ಜಮೀನಿನ ಗಡಿಯನ್ನು ಸ್ಥಳದಲ್ಲಿ ಅಳೆದು ಗುರುತಿಸಿಕೊಡುವ ಕಾರ್ಯ. ಗಡಿ ಎಂಬ ಅರ್ಥದ ಅರಬ್ಬಿ ಪದ ‘ಹದ್’ ಮತ್ತು ಕಟ್ಟಿದ ಎಂಬ ಅರ್ಥದ ಪಾರ್ಸಿ ಪದ ‘ಬಸ್ತ’ ಸೇರಿ ಈ ಹೆಸರು ಬಂದಿದೆ. ಕರ್ನಾಟಕದಲ್ಲಿ ಈ ಕಾರ್ಯವು ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ವ್ಯಾಪ್ತಿಗೆ ಸೇರಿದ್ದು, 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಅಡಿಯಲ್ಲಿ ನಡೆಯುತ್ತದೆ. ಹದ್ದುಬಸ್ತು ಗಡಿಯನ್ನು ತೋರಿಸುತ್ತದೆ; ಮಾಲೀಕತ್ವವನ್ನು ತೀರ್ಮಾನಿಸುವುದಿಲ್ಲ.

ಹಿನ್ನೆಲೆ

ಕಲಬುರಗಿ ಪ್ರದೇಶವು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಇಲ್ಲಿನ ಹಳೆಯ ಭೂದಾಖಲೆಗಳಲ್ಲಿ ಉರ್ದು ಬರಹ ಮತ್ತು ಫಸಲಿ ವರ್ಷಗಳು ಕಂಡುಬರುತ್ತವೆ. ಹಿಂದೆ ಕಲಬುರಗಿ ತಾಲೂಕಿಗೆ ಸೇರಿದ್ದ ಕಮಲಾಪುರ ಈಗ ಪ್ರತ್ಯೇಕ ತಾಲೂಕಾಗಿದೆ. ಅಲ್ಲಿನ ಜಮೀನುಗಳ ಹಳೆಯ ಪತ್ರಗಳಲ್ಲಿ ಗುಲ್ಬರ್ಗಾ ತಾಲೂಕಿನ ಹೆಸರೇ ಇರುತ್ತದೆ.

ವಿವಾದದ ಕಾರಣಗಳು

ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಗಡಿಕಲ್ಲುಗಳು ವಾಲುತ್ತವೆ ಅಥವಾ ಹೂತುಹೋಗುತ್ತವೆ. ಪ್ರತಿ ಉಳುಮೆಯಲ್ಲೂ ಬದು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 330 ಅಡಿ ಉದ್ದದ ಬದು 3.3 ಅಡಿ ಸರಿದರೆ ಒಂದು ಗುಂಟೆ ಜಮೀನು ಕೈತಪ್ಪುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಪೋಡಿ ಮಾಡಿಸದಿರುವುದೂ ವಿವಾದಕ್ಕೆ ಕಾರಣವಾಗುತ್ತದೆ.

ಅಳತೆಯ ವಿಧಾನ

ನಾಡಕಚೇರಿಯಲ್ಲಿ ಪಹಣಿಯೊಂದಿಗೆ ಅರ್ಜಿ ಸಲ್ಲಿಸಿ ಶುಲ್ಕ ಪಾವತಿಸಿದ ಬಳಿಕ, ಅರ್ಜಿದಾರರಿಗೂ ಸುತ್ತಲಿನ ಹಿಡುವಳಿದಾರರಿಗೂ ಅಳತೆಯ ದಿನಾಂಕದ ನೋಟಿಸ್ ನೀಡಲಾಗುತ್ತದೆ. ಭೂಮಾಪಕರು ಮುಖ್ಯವಾಗಿ ಈ ದಾಖಲೆಗಳನ್ನು ಪರಿಶೀಲಿಸುತ್ತಾರೆ:

• ಟಿಪ್ಪಣಿ: ಮೂಲ ಅಳತೆಯ ಆಧಾರರೇಖೆ ಹಾಗೂ ಅದರಿಂದ ಪ್ರತಿ ಮೂಲೆಗಿರುವ ದೂರಗಳ ನಕ್ಷೆ.
• ಆಕಾರ್‌ಬಂದ್: ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ವಿವರ.
• ಗ್ರಾಮ ನಕ್ಷೆ: ಅಕ್ಕಪಕ್ಕದ ಸರ್ವೆ ನಂಬರುಗಳ ಸ್ಥಾನ.

ಅಳತೆಯು ವಿವಾದಿತ ಬದುವಿನಿಂದ ಆರಂಭವಾಗುವುದಿಲ್ಲ. ಸ್ಥಳಾಂತರಗೊಳ್ಳದೆ ಉಳಿದಿರುವ ಗಡಿಕಲ್ಲು ಅಥವಾ ಹಲವು ಸರ್ವೆ ನಂಬರುಗಳು ಕೂಡುವ ಬಿಂದುವನ್ನು ಮೊದಲು ಪತ್ತೆಹಚ್ಚಿ, ಅಲ್ಲಿಂದ ಟಿಪ್ಪಣಿಯ ಅಳತೆಗಳನ್ನು ನೆಲದ ಮೇಲೆ ಮರುಸ್ಥಾಪಿಸಲಾಗುತ್ತದೆ. ಹಿಂದೆ ಇದಕ್ಕೆ ಸರಪಳಿ ಬಳಕೆಯಲ್ಲಿತ್ತು. ಈಗ ಟೋಟಲ್ ಸ್ಟೇಷನ್ ಮತ್ತು ಉಪಗ್ರಹ ಆಧಾರಿತ ರೋವರ್ ಉಪಕರಣಗಳೂ ಬಳಕೆಗೆ ಬಂದಿವೆ. ಕೊನೆಯಲ್ಲಿ ಗಡಿ ಗುರುತಿಸಿ, ಹಾಜರಿದ್ದವರ ಹೇಳಿಕೆ ಪಡೆದು, ಪಂಚನಾಮೆ ಹಾಗೂ ನಕ್ಷೆ ಸಿದ್ಧಪಡಿಸಲಾಗುತ್ತದೆ. ‘ದಿಶಾಂಕ್’ ಮೊಬೈಲ್ ಆ್ಯಪ್ ಸರ್ವೆ ನಂಬರನ್ನು ಸೂಚಿಸುತ್ತದೆಯಾದರೂ ಅದು ಸ್ಥಳದ ಅಳತೆಗೆ ಬದಲಿಯಲ್ಲ.

ನಗರ ನಿವೇಶನಗಳು

ಕಲಬುರಗಿ ನಗರದ ಹಲವು ಬಡಾವಣೆಗಳು ಕೃಷಿ ಜಮೀನಿನಲ್ಲಿ ರೂಪುಗೊಂಡಿವೆ. ಇಂಥಲ್ಲಿ ಮೂಲ ಸರ್ವೆ ನಂಬರಿನ ಹೊರಗಡಿಯನ್ನೂ ಅನುಮೋದಿತ ಬಡಾವಣೆ ನಕ್ಷೆಯನ್ನೂ ಜೊತೆಯಾಗಿ ನೋಡಬೇಕಾಗುತ್ತದೆ; ಹೊರಗಡಿ ತಪ್ಪಿದರೆ ಒಳಗಿನ ನಿವೇಶನಗಳ ಸಾಲೇ ಸರಿಯುತ್ತದೆ. ಅನುಮೋದಿತ ನಕ್ಷೆ ಇಲ್ಲದ ನಿವೇಶನಕ್ಕೆ ಕ್ರಯಪತ್ರದ ಚಕ್ಕುಬಂದಿಯೇ ಮುಖ್ಯ ಆಧಾರ. ಚಕ್ಕುಬಂದಿಗೂ ವಿಸ್ತೀರ್ಣಕ್ಕೂ ಹೊಂದಿಕೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚಿನ ಬೆಲೆ ಕೊಡುತ್ತವೆ.

ಕಾನೂನಿನ ಮಿತಿ

ಅಳತೆಯನ್ನು ಒಪ್ಪದವರು ಇಲಾಖೆಯ ಮೇಲಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಒತ್ತುವರಿ ಕಂಡುಬಂದರೂ ನೆರೆಯವರನ್ನು ತೆರವುಗೊಳಿಸುವ ಅಧಿಕಾರ ಭೂಮಾಪಕರಿಗಿಲ್ಲ. ಖಾಸಗಿ ಜಮೀನಿನ ಹಕ್ಕು ಮತ್ತು ಸ್ವಾಧೀನದ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುತ್ತದೆ. ಅಗತ್ಯವಿದ್ದರೆ ಅದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸುತ್ತದೆ. ನೋಟಿಸ್ ನೀಡದೆ ನಡೆಸಿದ ಅಥವಾ ಸ್ಥಿರ ಬಿಂದುವನ್ನು ಆಧರಿಸದ ಅಳತೆಯ ವರದಿ ಅಲ್ಲಿ ಪ್ರಶ್ನೆಗೊಳಗಾಗಬಹುದು.

ವಿಳಂಬವೂ ಹಕ್ಕಿಗೆ ಕುತ್ತು ತರಬಲ್ಲದು. 1963ರ ಕಾಲಮಿತಿ ಅಧಿನಿಯಮದ ಪ್ರಕಾರ, ಖಾಸಗಿ ಜಮೀನನ್ನು ಇನ್ನೊಬ್ಬರು ಮಾಲೀಕರ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ ಹಾಗೂ ನಿರಂತರವಾಗಿ 12 ವರ್ಷ ಅನುಭವಿಸಿದರೆ, ಅದನ್ನು ಮರಳಿ ಪಡೆಯುವ ಹಕ್ಕು ಮಾಲೀಕರಿಗೆ ಇಲ್ಲವಾಗಬಹುದು.