ಸವೆದದ್ದು ನಳಿಗೆಯೋ, ತುಂಬಿದ್ದು ಕೊಳೆಯೋ?

ಮಡಿಕೇರಿ: ಸೆಪ್ಟೆಂಬರ್ 3 ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಕೈಲ್ ಪೊಳ್ದ್ ಹಬ್ಬಕ್ಕೆ ತೋಕ್ ಪೂ ಸಿಕ್ಕಿಸಿ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ. ಕಾಯಿ ಅಲುಗದಿದ್ದರೆ ನಗೋರಿಗೇನು ಬರವೇ? ಹೊಡೆದವರು ಮಾತ್ರ "ನಂದೇನಿಲ್ಲ, ನಳಿಗೆ ಸವೆದಿದೆ" ಅಂತಾರೆ. ಅಪ್ಪನ ಕಾಲದ ಪಾಯಿಂಟ್ ಟೂ-ಟೂ ರೈಫಲ್ಲಿನ ತಲೆಗೆ ಅಪವಾದ! ಕತ್ತರಿಸಿ ಮತ್ತೆ ಕೂರಿಸೋದಾ, ಹೊಸದೇ ಹಾಕಿಸೋದಾ ಎಂಬ ಚರ್ಚೆ ಅಲ್ಲಿಂದ ಶುರು.

ನಿಜ ಹೇಳಬೇಕೆಂದರೆ ಟೂ-ಟೂ ನಳಿಗೆ ಗುಂಡು ಹೊಡೆದೇ ಸವೆಯೋದು ಅಪರೂಪ. ಗುಂಡು ಮೆತ್ತನೆಯ ಸೀಸದ್ದು, ಮದ್ದೂ ಕಡಿಮೆ. ಹತ್ತಾರು ಸಾವಿರ ಗುಂಡು ತಡೆಯುತ್ತದೆ. ಪಾಯಿಂಟ್ ಮೂರು-ಒಂದು-ಐದರಂಥ ದೊಡ್ಡ ರೈಫಲ್ಲಿನ ಕಥೆ ಬೇರೆ. ಅಲ್ಲಿ ಬಿಸಿ ಹೊಗೆ ತೋಟಾ ಕೂರುವ ಜಾಗದ ಮುಂದಿನ ಗಂಟಲನ್ನೇ ತಿಂದುಹಾಕುತ್ತದೆ. ಟೂ-ಟೂ ಹಾಳಾಗೋದು ಕೊಡಗಿನ ಮಳೆಗಾಲದ ತುಕ್ಕಿನಿಂದ, ಇಲ್ಲವೇ ಬಾಯಿಯ ಕಡೆಯಿಂದ ಕಬ್ಬಿಣದ ಸರಳು ತುರುಕಿ ಉಜ್ಜಿದ್ದರಿಂದ. ಕೋವಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅನ್ನೋರೇ ಹೀಗೆ ಹಾಳು ಮಾಡೋದು.

ಹಾಗಾಗಿ ಮೊದಲು ತೊಳೆಯಬೇಕು. ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದಿನ ಕಡೆಯಿಂದ ಎಣ್ಣೆ ಬಟ್ಟೆ ಹಾಕಿ ವರ್ಷಗಟ್ಟಲೆ ಕೂತ ಸೀಸ ತೆಗೆಯಬೇಕು. ಗುರಿ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹೋಗಲಿಲ್ಲವೋ, ಬಾಯಿಯ ಅಂಚು ನೋಡಿ. ಅಲ್ಲಿ ತಗ್ಗಿದ್ದರೆ ನುರಿತ ಕೋವಿ ಕೆಲಸದವರು ಅಂಚನ್ನು ಹೊಸದಾಗಿ ಕಡೆದು ಕೊಡುತ್ತಾರೆ. ಕಾಗದದ ಗುರಿಯಲ್ಲಿ ಗುಂಡು ಅಡ್ಡ ಬಿದ್ದಂತೆ ಉದ್ದನೆಯ ತೂತು ಬಂದರೆ ಒಳಗಿನ ಗೆರೆಗಳೇ ಹೋಗಿರಬಹುದು. ಆಗ ಹಳೇ ನಳಿಗೆಯನ್ನು ಕೊರೆದು, ಒಳಗೆ ಗೆರೆಯುಳ್ಳ ಹೊಸ ಕೊಳವೆ ಕೂರಿಸುವ ದಾರಿ ಉಂಟು. ಹೊರಗಿನಿಂದ ಅಪ್ಪನ ಕೋವಿ ಹಾಗೇ ಇರುತ್ತದೆ. ನಳಿಗೆ ಉಬ್ಬಿದ್ದರೆ, ಒಳಗೆ ಉಂಗುರದಂಥ ನೆರಳು ಕಂಡರೆ ರಿಪೇರಿಯ ಮಾತೇ ಬೇಡ. ಹೊಸದೇ ಗತಿ. ಸಿಡಿದರೆ ಕಾಯಿಗಲ್ಲ, ಕಣ್ಣಿಗೆ ಅಪಾಯ.

ಇನ್ನು ಕಾನೂನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. "ನಮಗೆ ಲೈಸೆನ್ಸೇ ಬೇಡ" ಅಂತ ಊರ ಲೇತ್ ಅಂಗಡಿಗೆ ಕೋವಿ ಹೊತ್ತೊಯ್ಯೋರು ಇದ್ದಾರು. ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ರಿಪೇರಿ ಅಂಗಡಿಗೆ ಪರವಾನಗಿ ಬೇಕೇ ಬೇಕು. ಪರವಾನಗಿ ಇಲ್ಲದೆ ನಳಿಗೆ ಮೊಟಕು ಮಾಡೋದು 6ನೇ ಕಲಮಿನ ಪ್ರಕಾರ ಅಪರಾಧ. ಹಿಂದಿನಿಂದ ಒಂದಿಂಚು ಕತ್ತರಿಸಿ ಕೂರಿಸಿದರೂ ಮೊಟಕು ಮೊಟಕೇ.

ಹೊಸ ನಳಿಗೆ ಹಾಕಿಸಿದವರು ಅಂಗಡಿಯ ರಸೀದಿ ಜೋಪಾನ ಮಾಡಿ, ವಿನಾಯಿತಿ ಪತ್ರದ ನಂಬರಿಗೂ ಕೋವಿಯ ಮೇಲಿನ ನಂಬರಿಗೂ ತಾಳೆ ನೋಡಿಕೊಂಡೇ ಮನೆಗೆ ತರುವುದು ಒಳ್ಳೇದು. ಹಬ್ಬದ ಹಿಂದಿನ ದಿನ ಅಲ್ಲ, ತಿಂಗಳು ಮುಂಚೆ.